‘ಖಾಲಿ’ ಡ್ರಮ್ಮಿಗೆ ಬೆಂಕಿ ಹತ್ತಿದ್ದು ಯಾಕೆ?

ಬೆಂಜಮಿನ್ ಲೀ ವೋರ್ಫ್ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಕೆಲಸ ಮಾಡಿದ್ದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ಬೆಂಕಿ ಅನಾಹುತಕ್ಕೆ ವಿಮೆ ಕೊಡುವ ಒಂದು ಕಂಪನಿಯಲ್ಲಿ. 1919ರಲ್ಲಿ ಸೇರಿದವರು 1941ರಲ್ಲಿ ತೀರಿಕೊಳ್ಳುವವರೆಗೂ ಅದೇ ನೌಕರಿ. ಎಲ್ಲೆಲ್ಲಿ ಬೆಂಕಿ ಬಿತ್ತು, ಹೇಗೆ ಬಿತ್ತು ಅನ್ನುವ ವರದಿಗಳನ್ನು ನೂರಾರು ಓದಿದ್ದರು. ಭಾಷೆಗಳ ಅಧ್ಯಯನ ಅವರಿಗೆ ಬಿಡುವಿನ ಹುಚ್ಚು.

ವರದಿಗಳನ್ನು ಓದುತ್ತಾ ಓದುತ್ತಾ ಅವರಿಗೆ ಒಂದು ವಿಚಿತ್ರ ಕಂಡಿತು. ಪೆಟ್ರೋಲ್ ತುಂಬಿದ ಡ್ರಮ್ಮುಗಳ ಹತ್ತಿರ ಜನ ತುಂಬಾ ಹುಷಾರು. ಕಡ್ಡಿ ಗೀರುವುದಿಲ್ಲ, ಸಿಗರೇಟು ಹಚ್ಚುವುದಿಲ್ಲ. ಅದೇ ‘ಖಾಲಿ’ ಡ್ರಮ್ಮುಗಳ ಹತ್ತಿರ ಬಂದರೆ ಆರಾಮಾಗಿ ಸಿಗರೇಟು ಸೇದುತ್ತಾರೆ, ತುಂಡನ್ನು ಅಲ್ಲೇ ಎಸೆಯುತ್ತಾರೆ. ನಿಜ ಹೇಳಬೇಕೆಂದರೆ ಖಾಲಿ ಡ್ರಮ್ಮೇ ಜಾಸ್ತಿ ಅಪಾಯ. ಪೆಟ್ರೋಲ್ ಸುರಿದು ಹೋದರೂ ಅದರ ಆವಿ ಒಳಗೆ ಉಳಿದಿರುತ್ತದೆ. ಗಾಳಿಯ ಜೊತೆ ಬೆರೆತ ಆವಿಗೆ ಒಂದು ಕಿಡಿ ಸಾಕು. ಡ್ರಮ್ಮಿನೊಳಗೆ ಇದ್ದದ್ದು ಆವಿ. ಜನರ ತಲೆಯೊಳಗೆ ಇದ್ದದ್ದು ‘ಖಾಲಿ’ ಅನ್ನುವ ಪದ. ಅವರು ನಡೆದುಕೊಂಡದ್ದು ಪದಕ್ಕೆ ತಕ್ಕ ಹಾಗೆ.

ಇನ್ನೊಂದು ಕಾರ್ಖಾನೆಯಲ್ಲಿ ಬಿಸಿ ಪಾತ್ರೆಗಳ ಮೇಲೆ ಸುಣ್ಣಕಲ್ಲಿನಿಂದ ಮಾಡಿದ ಹೊದಿಕೆ ಹಾಕಿದ್ದರು. ಹೆಸರಲ್ಲೇ ಕಲ್ಲು ಇದೆ. ಕಲ್ಲಿಗೆ ಬೆಂಕಿ ಹತ್ತುತ್ತದಾ? ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಾತ್ರೆಯಿಂದ ಬಂದ ಆಮ್ಲದ ಹೊಗೆ ಸೇರಿ ಸೇರಿ ಆ ಹೊದಿಕೆ ಉರಿಯುವ ವಸ್ತುವಾಗಿ ಬದಲಾಗಿತ್ತು. ಒಂದು ದಿನ ‘ಕಲ್ಲು’ ಧಗಧಗ ಉರಿಯಿತು.

ಯಾರಾದರೂ ಕೆಲಸ ಮಾಡದೆ ಭಾಷಣ ಬಿಗಿದರೆ ನಾವು ‘ಬರೀ ಮಾತು’ ಅಂತೀವಿ. ಮಾತು ಹಗುರ, ಕೆಲಸ ಭಾರ ಅನ್ನುವ ಲೆಕ್ಕ. ಈ ಲೆಕ್ಕ ಎಲ್ಲೋ ತಪ್ಪಿದೆ ಅಂತ ನನಗೆ ಅನ್ನಿಸಲು ಶುರುವಾಗಿದ್ದು ಆ ಡ್ರಮ್ಮಿನ ಕಥೆ ಓದಿದ ಮೇಲೆ. ಪದ ಅನ್ನುವುದು ಪಾತ್ರೆಗೆ ಹಿಡಿಕೆ ಇದ್ದ ಹಾಗೆ. ಹಿಡಿಕೆ ಇಲ್ಲದ ಬಿಸಿ ಪಾತ್ರೆಯನ್ನು ಎತ್ತಲೂ ಆಗುವುದಿಲ್ಲ, ಇನ್ನೊಬ್ಬರ ಕೈಗೆ ದಾಟಿಸಲೂ ಆಗುವುದಿಲ್ಲ. ಜೊತೆಗೆ, ಹಿಡಿಕೆಯನ್ನು ಯಾವ ಕಡೆ ಕೂರಿಸಿದ್ದಾರೋ ಆ ಕಡೆಯಿಂದಲೇ ಎತ್ತುತ್ತೀವಿ. ಭಾಷೆಯ ಶಕ್ತಿ, ಸಾಹಿತ್ಯದ ಶಕ್ತಿ ಅಂತ ದೊಡ್ಡ ದೊಡ್ಡದಾಗಿ ಏನೇನು ಹೇಳುತ್ತಾರೋ ಅದರಲ್ಲಿ ಮುಕ್ಕಾಲು ಪಾಲು ಈ ಎರಡು ಮಾತಿನೊಳಗೇ ಇದೆ.

ಹಿಡಿಕೆ ಕೂರಿಸಿದ ಕಡೆಯಿಂದ ಎತ್ತುವುದು ಅಂದರೆ ಏನು ಅಂತ ಮೊದಲು ನೋಡೋಣ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 150 ವಿದ್ಯಾರ್ಥಿಗಳಿಗೆ ಒಂದು ಕಾರು ಅಪಘಾತದ ಪುಟ್ಟ ಫಿಲ್ಮ್ ತೋರಿಸಿದರು. ಆಮೇಲೆ 50 ಜನರನ್ನು, ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಷ್ಟು ಸ್ಪೀಡಿನಲ್ಲಿದ್ದವು ಅಂತ ಕೇಳಿದರು. ಇನ್ನು 50 ಜನರಿಗೆ ಅದೇ ಪ್ರಶ್ನೆ, ಆದರೆ ‘ಅಪ್ಪಳಿಸಿದಾಗ’ ಬದಲು ‘ತಾಗಿದಾಗ’ ಅನ್ನುವಂಥ ಸಾದಾ ಪದ. ಉಳಿದ 50 ಜನರಿಗೆ ಸ್ಪೀಡಿನ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು ಎಲ್ಲರನ್ನೂ ಕರೆದು ಕೇಳಿದರು: ಫಿಲ್ಮಿನಲ್ಲಿ ಒಡೆದ ಗಾಜು ನೋಡಿದಿರಾ?

ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ತಾಗಿದಾಗ’ ಅನ್ನುವ ಗುಂಪಿನಲ್ಲಿ 7 ಜನ, ಪ್ರಶ್ನೆಯನ್ನೇ ಕೇಳಿರದ ಗುಂಪಿನಲ್ಲಿ 6 ಜನ ‘ನೋಡಿದೆ’ ಅಂದರು. ‘ಅಪ್ಪಳಿಸಿದಾಗ’ ಅಂತ ಕೇಳಿಸಿಕೊಂಡವರಲ್ಲಿ ಹಾಗೆ ಅಂದವರು 16 ಜನ. ವಾರದ ಹಿಂದೆ ಕಿವಿಗೆ ಬಿದ್ದ ಒಂದೇ ಒಂದು ಕ್ರಿಯಾಪದ ಇಲ್ಲದ ಗಾಜನ್ನು ತಂದು ನೆನಪಿನ ರಸ್ತೆ ಮೇಲೆ ಚೆಲ್ಲಿತ್ತು. ಸಾಕ್ಷಿಗಳನ್ನು ಪೊಲೀಸರು, ವಕೀಲರು ಯಾವ ಪದ ಬಳಸಿ ಪ್ರಶ್ನೆ ಕೇಳುತ್ತಾರೆ ಅನ್ನುವುದು ಎಷ್ಟು ಮುಖ್ಯ ಅಂತ ಇದರಿಂದ ಊಹಿಸಬಹುದು.

ಓದಿ ಬಲ್ಲವರು ಹೀಗೆ ಮೋಸ ಹೋಗುವುದಿಲ್ಲ ಅಂತ ಅನ್ನಿಸುತ್ತದೆ ಅಲ್ವಾ? 1982ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕ್ಯಾನ್ಸರಿಗೆ ಆಪರೇಷನ್ ಬೇಕೋ, ರೇಡಿಯೇಷನ್ ಬೇಕೋ ಅಂತ ಆರಿಸಬೇಕು. ಕೆಲವರಿಗೆ ಆಪರೇಷನ್ ಆದ ಮೇಲೆ ಬದುಕುಳಿಯುವವರು ನೂರಕ್ಕೆ 90 ಅಂತ ಹೇಳಿದರು. ಇನ್ನು ಕೆಲವರಿಗೆ ಸಾಯುವವರು ನೂರಕ್ಕೆ 10 ಅಂತ. ಲೆಕ್ಕ ಒಂದೇ. ಆದರೂ ‘ಬದುಕುವವರು’ ಅಂತ ಕೇಳಿದವರು ಆಪರೇಷನ್ ಕಡೆ ಜಾಸ್ತಿ ವಾಲಿದರು. ಅವರಲ್ಲಿ ರೋಗಿಗಳಷ್ಟೇ ಅಲ್ಲ, ಡಾಕ್ಟರುಗಳೂ ಇದ್ದರು.

ಇದಕ್ಕೆ ಪ್ರಯೋಗಾಲಯವೇ ಬೇಕಂತಿಲ್ಲ. ಕೈಯಿಂದ ಲೋಟ ಜಾರಿ ಚೂರಾಯಿತು ಅಂದುಕೊಳ್ಳಿ. ‘ನಾನು ಲೋಟ ಒಡೆದೆ’ ಅನ್ನಬಹುದು. ‘ಲೋಟ ಒಡೆದುಹೋಯ್ತು’ ಅಂತಲೂ ಅನ್ನಬಹುದು. ಎರಡೂ ಸುಳ್ಳಲ್ಲ. ಎರಡನೆಯದರಲ್ಲಿ ಮಾತ್ರ ನಾನು ಕಾಣೆಯಾಗಿದ್ದೇನೆ! ಮಕ್ಕಳಿಗೆ ಈ ಉಪಾಯ ಯಾರೂ ಹೇಳಿಕೊಡುವುದಿಲ್ಲ, ಆದರೂ ಚೆನ್ನಾಗಿ ಗೊತ್ತು. ಸಂಸ್ಥೆಗಳಿಗೆ ಇನ್ನೂ ಚೆನ್ನಾಗಿ ಗೊತ್ತು. ‘ತಪ್ಪಾಗಿದೆ, ವಿಷಾದಿಸುತ್ತೇವೆ’ ಅನ್ನುವ ಪತ್ರ ಎಷ್ಟೋ ಸಲ ನೋಡಿರುತ್ತೀರಿ. ‘ತಪ್ಪು ಮಾಡಿದ್ದೇವೆ’ ಅಂತ ಬರೆದದ್ದು ನೆನಪಿದೆಯಾ?

ಇನ್ನೊಂದು ಚೆಂದ ನೋಡಿ. ಕನ್ನಡದಲ್ಲಿ ‘ನನಗೆ ಕೋಪ ಬಂತು’ ಅಂತೀವಿ. ‘ಬೇಜಾರಾಯ್ತು’, ‘ನೆನಪಾಯ್ತು’, ‘ಹೊಟ್ಟೆಕಿಚ್ಚಾಯ್ತು’. ನಾನು ಮಾಡಿದ್ದು ಏನೂ ಇಲ್ಲ, ಅದಾಗಿಯೇ ಬಂದಿದ್ದು, ಅದಾಗಿಯೇ ಆಗಿದ್ದು. ಬಾಗಿಲಿಗೆ ಬಂದ ನೆಂಟನ ಹಾಗೆ ಕೋಪ ಬರುತ್ತದೆ, ಇರುತ್ತದೆ, ಹೋಗುತ್ತದೆ. ಇಂಗ್ಲಿಷಿನಲ್ಲಿ ಹೇಳುವಾಗ ನಾನು ಮತ್ತು ಕೋಪ ಒಂದೇ ಅನ್ನುವ ಧಾಟಿ ಬರುತ್ತದೆ. ಹಾಗಂತ ಕನ್ನಡಿಗರ ಕೋಪ ಬೇಗ ಇಳಿಯುತ್ತದೆ ಅಂತ ನಾನು ಹೇಳಿಬಿಟ್ಟರೆ ವೋರ್ಫ್ ಮಾಡಿದ ತಪ್ಪನ್ನೇ ಮಾಡಿದ ಹಾಗಾಗುತ್ತದೆ.

ಹೌದು, ಅವರೂ ಎಡವಿದ್ದರು. ಅಮೆರಿಕದ ಹೋಪಿ ಜನರ ಭಾಷೆಯಲ್ಲಿ ಕಾಲವನ್ನು ಹೇಳುವ ಪದಗಳೇ ಇಲ್ಲ, ಹಾಗಾಗಿ ಅವರಿಗೆ ನಮ್ಮಂತೆ ಕಾಲದ ಕಲ್ಪನೆ ಇಲ್ಲ ಅಂತ ಬರೆದರು. ಕೇಳಲು ರೋಮಾಂಚನ. 1983ರಲ್ಲಿ ಎಕ್ಕೆಹಾರ್ಟ್ ಮಲೋಟ್ಕಿ ಅನ್ನುವ ವಿದ್ವಾಂಸರು ಹೋಪಿ ಭಾಷೆಯಲ್ಲಿ ಕಾಲದ ಬಗ್ಗೆ ಏನೇನು ಹೇಳಬಹುದು ಅಂತ ಒಂದು ದಪ್ಪ ಪುಸ್ತಕವನ್ನೇ ಬರೆದು ಆ ಮಾತನ್ನು ಅಳಿಸಿಹಾಕಿದರು. ಪದ ಇಲ್ಲದೆ ಯೋಚನೆಯೇ ಇಲ್ಲ ಅನ್ನುವುದು ನಿಲ್ಲುವ ಮಾತಲ್ಲ. ಮಾತು ಬರುವ ಮೊದಲೇ ಕೂಸುಗಳು ಎಷ್ಟೋ ಯೋಚಿಸುತ್ತವೆ. ಸ್ಟ್ರೋಕ್ ಹೊಡೆದು ಮಾತು ಕಳೆದುಕೊಂಡವರಲ್ಲಿ ಕೆಲವರು ಲೆಕ್ಕ ಬಿಡಿಸುತ್ತಾರೆ, ಚೆಸ್ ಆಡುತ್ತಾರೆ.

ಹಾಗಾದರೆ ಭಾಷೆ ಮಾಡುವುದು ಏನು? ಅದು ಜೈಲಿನ ಗೋಡೆ ಅಲ್ಲ, ನಡೆದು ನಡೆದು ಬಿದ್ದ ಕಾಲುದಾರಿ. ಬೇರೆ ಕಡೆಯಿಂದಲೂ ಹೋಗಬಹುದು, ಆದರೆ ಕಾಲು ತಾನಾಗಿ ಅಲ್ಲಿಗೇ ಹೊರಳುತ್ತದೆ. ರಷ್ಯನ್ ಭಾಷೆಯಲ್ಲಿ ತಿಳಿನೀಲಿಗೆ ‘ಗೊಲುಬೋಯ್’, ಕಡುನೀಲಿಗೆ ‘ಸೀನಿಯ್’. ಎರಡೂ ಬೇರೆ ಬೇರೆ ಬಣ್ಣಗಳೇ, ನಮಗೆ ಕೆಂಪು ಮತ್ತು ಗುಲಾಬಿ ಇದ್ದ ಹಾಗೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎರಡು ನೀಲಿಗಳು ಆ ಗಡಿಯ ಆಚೆ ಈಚೆ ಇದ್ದಾಗ ರಷ್ಯನ್ ಮಾತಾಡುವವರು ವ್ಯತ್ಯಾಸವನ್ನು ಬೇಗ ಗುರುತಿಸಿದರು. ಇಂಗ್ಲಿಷಿನವರಿಗೆ ಆ ಅನುಕೂಲ ಇರಲಿಲ್ಲ. ಆದರೆ ಮನಸ್ಸಿನಲ್ಲೇ ಅಂಕಿಗಳನ್ನು ಹೇಳಿಕೊಳ್ಳುತ್ತಾ ನೋಡಿ ಅಂದಾಗ ರಷ್ಯನ್ನರ ಅನುಕೂಲವೂ ಮಾಯ! ಅಂದರೆ ಕಣ್ಣು ನೋಡುತ್ತಿರುವಾಗ ಒಳಗೆ ಪದಗಳು ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇರುತ್ತವೆ. ಬಾಯಿಯ ಕೆಲಸ ಕೊಟ್ಟು ಅವನ್ನು ಬೇರೆ ಕಡೆ ಎಳೆದರೆ ಕಣ್ಣಿಗೆ ಆ ಸಹಾಯ ಸಿಗುವುದಿಲ್ಲ.

ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷೆಯಲ್ಲಿ ಜಾಗ ಹೇಳುವಾಗ ಎಡ, ಬಲ ಅನ್ನುವುದಿಲ್ಲ. ನಿಮ್ಮ ಕಾಲಿನ ಮೇಲೆ ಇರುವೆ ಹತ್ತಿದರೆ ‘ನಿಮ್ಮ ದಕ್ಷಿಣದ ಕಾಲಿನ ಮೇಲೆ ಇರುವೆ’ ಅನ್ನುವ ಥರ ಹೇಳುತ್ತಾರೆ. ಹೀಗೆ ಮಾತಾಡಬೇಕಾದರೆ ಉತ್ತರ ಯಾವ ಕಡೆ ಅನ್ನುವುದು ಯಾವಾಗಲೂ ತಲೆಯಲ್ಲಿ ಇರಲೇಬೇಕು. ಇರುತ್ತದೆ ಕೂಡ. ಅಂದ ಹಾಗೆ, ಕಾಂಗರೂ ಅನ್ನುವ ಪದ ಜಗತ್ತಿಗೆ ಬಂದಿದ್ದು ಇದೇ ಭಾಷೆಯಿಂದ. 1770ರಲ್ಲಿ ಕ್ಯಾಪ್ಟನ್ ಕುಕ್ ಅವರ ತಂಡ ಬರೆದುಕೊಂಡದ್ದು. ಆ ಪದಕ್ಕೆ ‘ನನಗೆ ಗೊತ್ತಿಲ್ಲ’ ಅಂತ ಅರ್ಥ ಅನ್ನುವ ಜೋಕು ಸುಮ್ನೆ ಕಟ್ಟುಕಥೆ. ಅದು ನಿಜಕ್ಕೂ ಒಂದು ಜಾತಿಯ ಕಾಂಗರೂವಿನ ಹೆಸರು.

ಇಲ್ಲಿಯವರೆಗೆ ಹೇಳಿದ್ದು ಲೋಟ, ನೀಲಿ, ಇರುವೆ. ಕಣ್ಣಿಗೆ ಕಾಣುವ ವಸ್ತುಗಳು. ಕಾಣದೇ ಇರುವುದರ ವಿಷಯಕ್ಕೆ ಬಂದಾಗ ಭಾಷೆಯ ನಿಜವಾದ ತಾಕತ್ತು ಗೊತ್ತಾಗುತ್ತದೆ. ಇನ್ನೊಬ್ಬರ ಮನಸ್ಸಿನಷ್ಟು ಕಾಣದ ವಸ್ತು ಬೇರೆ ಯಾವುದಿದೆ?

ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯವರೆಗೂ ಕಿವುಡ ಮಕ್ಕಳು ಹೆಚ್ಚಾಗಿ ಮನೆಯಲ್ಲೇ, ಒಂಟಿಯಾಗಿ ಬೆಳೆಯುತ್ತಿದ್ದರು. ಮನೆಯವರ ಜೊತೆ ನಾಲ್ಕಾರು ಕೈಸನ್ನೆ, ಅಷ್ಟೇ. ಆಮೇಲೆ ರಾಜಧಾನಿ ಮನಾಗ್ವಾದಲ್ಲಿ ಅವರಿಗಾಗಿ ಶಾಲೆ ಶುರುವಾಯಿತು. ಮೇಷ್ಟ್ರುಗಳು ತುಟಿ ಓದುವುದನ್ನು, ಸ್ಪ್ಯಾನಿಷ್ ಕಲಿಸುವುದನ್ನು ಪ್ರಯತ್ನಿಸಿದರು. ಅದು ಹೆಚ್ಚು ತಲೆಗೆ ಹತ್ತಲಿಲ್ಲ. ಆದರೆ ಆಟದ ಮೈದಾನದಲ್ಲಿ, ಶಾಲೆಯ ಬಸ್ಸಿನಲ್ಲಿ ಬೇರೆ ಏನೋ ನಡೆಯುತ್ತಿತ್ತು. ಪ್ರತಿ ಮಗುವೂ ಮನೆಯಿಂದ ತಂದ ಸನ್ನೆಗಳು ಒಂದಕ್ಕೊಂದು ಬೆರೆತವು. ಚಿಕ್ಕ ಮಕ್ಕಳು ಬಂದು ಸೇರಿದಾಗ ಅದನ್ನು ಇನ್ನೂ ಸರಾಗ ಮಾಡಿದರು, ವ್ಯಾಕರಣ ಹುಟ್ಟಿಸಿದರು. 1986ರಲ್ಲಿ ಭಾಷಾವಿಜ್ಞಾನಿ ಜೂಡಿ ಕೆಗ್ಲ್ ಅಲ್ಲಿಗೆ ಹೋದಾಗ ಕಣ್ಣೆದುರಿಗೇ ಒಂದು ಹೊಸ ಭಾಷೆ ಹುಟ್ಟುತ್ತಿತ್ತು. ಯಾರೂ ಕಲಿಸಿದ್ದಲ್ಲ. ಜೊತೆಗೆ ಇನ್ನೊಬ್ಬರು ಇದ್ದರು, ಹೇಳಿಕೊಳ್ಳಲು ಏನೋ ಇತ್ತು, ಅಷ್ಟು ಸಾಕಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದರ ಮುಂದಿನ ಭಾಗವೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಜೆನ್ನಿ ಪೈಯರ್ಸ್ ಮತ್ತು ಆನ್ ಸೆಂಗಾಸ್ ಅನ್ನುವವರು ಅಲ್ಲಿನ ಕಿವುಡರಿಗೆ ಒಂದು ಪರೀಕ್ಷೆ ಕೊಟ್ಟರು. ಮಾತೇ ಬೇಡದ, ಚಿತ್ರಗಳ ಕಥೆ. ಒಬ್ಬ ಹುಡುಗ ತನ್ನ ಆಟಿಕೆಯನ್ನು ಒಂದು ಕಡೆ ಬಚ್ಚಿಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಇನ್ನೊಬ್ಬ ಅದನ್ನು ಬೇರೆ ಕಡೆ ಇಡುತ್ತಾನೆ. ಮೊದಲನೆಯವನು ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ತಾನು ಇಟ್ಟ ಜಾಗದಲ್ಲೇ ತಾನೇ? ಯಾಕೆಂದರೆ ಅವನಿಗೆ ವಿಷಯ ಗೊತ್ತಿಲ್ಲ. ಸಾಮಾನ್ಯವಾಗಿ ನಾಲ್ಕೈದು ವರ್ಷದ ಮಕ್ಕಳು ಇದಕ್ಕೆ ಸರಿ ಉತ್ತರ ಕೊಡುತ್ತಾರೆ. ಆದರೆ ನಿಕರಾಗುವಾದ ಆ ಶಾಲೆಗೆ ಮೊದಮೊದಲು ಸೇರಿದ್ದ ತಂಡದವರು, ಆಗಲೇ ದೊಡ್ಡವರಾಗಿದ್ದವರು, ಇದರಲ್ಲಿ ತಡವರಿಸಿದರು. ಅವರಿಗಿಂತ ಚಿಕ್ಕವರಾದ ಎರಡನೇ ತಂಡದವರು ಸಲೀಸಾಗಿ ಉತ್ತರಿಸಿದರು.

ಎರಡು ತಂಡಗಳ ನಡುವೆ ಇದ್ದ ಒಂದು ವ್ಯತ್ಯಾಸ ಕುತೂಹಲದ್ದು. ಮೊದಲ ತಂಡದವರ ಸನ್ನೆಭಾಷೆಯಲ್ಲಿ ‘ಅಂದುಕೊಂಡ’, ‘ಗೊತ್ತಿದೆ’, ‘ಗೊತ್ತಿಲ್ಲ’ ಅನ್ನುವಂಥ ಪದಗಳ ಬಳಕೆ ತೀರಾ ಕಡಿಮೆ. ಮಾಡಿದ, ಹೋದ, ಬಂದ ಎಲ್ಲ ಇತ್ತು. ಮನಸ್ಸಿನ ಒಳಗಿನದಕ್ಕೆ ಹಿಡಿಕೆ ಇರಲಿಲ್ಲ. ಎರಡು ವರ್ಷದ ನಂತರ ಸಂಶೋಧಕರು ಮತ್ತೆ ಹೋದರು. ಅಷ್ಟರಲ್ಲಿ ದೊಡ್ಡವರು ಚಿಕ್ಕವರ ಜೊತೆ ಬೆರೆತು ಆ ಪದಗಳನ್ನು ಕಲಿತಿದ್ದರು. ಪರೀಕ್ಷೆಯಲ್ಲೂ ಮೊದಲಿಗಿಂತ ಚೆನ್ನಾಗಿ ಮಾಡಿದರು. ‘ಅವನು ಹೀಗೆ ಅಂದುಕೊಂಡಿದ್ದಾನೆ, ಆದರೆ ನಿಜ ಹಾಗಿಲ್ಲ’ ಅನ್ನುವ ವಾಕ್ಯ ಕೈಗೆ ಸಿಕ್ಕಿದ ಮೇಲೆ ಆ ಇನ್ನೊಬ್ಬನ ತಲೆಯೊಳಗೆ ಇಣುಕುವುದು ಸುಲಭವಾಯಿತು.

ಸಾಹಿತ್ಯ ಶುರುವಾಗುವುದು ಈ ವಾಕ್ಯದಿಂದಲೇ ಅಂತ ನನ್ನ ನಂಬಿಕೆ. ಯಾವುದೇ ಒಳ್ಳೆಯ ಕಥೆ ತೆಗೆದು ನೋಡಿ. ಅವಳಿಗೆ ಗೊತ್ತಿದೆ ಅಂತ ಅವನು ಅಂದುಕೊಂಡಿದ್ದಾನೆ, ಅವಳಿಗೆ ಗೊತ್ತಿಲ್ಲ, ಅವರಿಬ್ಬರ ವಿಷಯ ಅಮ್ಮನಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದಾಳೆ. ಆಟಿಕೆ ಬಚ್ಚಿಟ್ಟ ಹುಡುಗನ ಕಥೆಯೇ ಹತ್ತು ಪಟ್ಟು ಜಟಿಲ ಆಗಿರುತ್ತದೆ, ಅಷ್ಟೇ. ಒಂದೇ ಪದಕ್ಕೆ ಸಿಗದ ಸಂಗತಿಗಳಿಗೆ ಹಿಡಿಕೆ ಕೂರಿಸುವುದು ಸಾಹಿತ್ಯದ ಕೆಲಸ. ‘ದುಃಖ’ ಅನ್ನುವ ಪದ ಎಲ್ಲರಿಗೂ ಗೊತ್ತು. ಆದರೆ ಹತ್ತಿರದವರು ಸತ್ತ ದಿನ ಆಗುವುದು ‘ದುಃಖ’ ಅನ್ನುವ ಎರಡಕ್ಷರದೊಳಗೆ ಹಿಡಿಯುತ್ತದಾ?

ಬರವಣಿಗೆ ಹುಟ್ಟಿದ್ದು ಇದಕ್ಕಲ್ಲ. ಐದು ಸಾವಿರ ವರ್ಷಕ್ಕೂ ಹಿಂದೆ ಮೆಸೊಪೊಟೇಮಿಯಾದಲ್ಲಿ ಜೇಡಿಮಣ್ಣಿನ ಹಲಗೆ ಮೇಲೆ ಮೊದಮೊದಲು ಗೀಚಿದ್ದು ಹೆಚ್ಚಾಗಿ ಲೆಕ್ಕಪತ್ರ. ಎಷ್ಟು ಬಾರ್ಲಿ ಬಂತು, ಎಷ್ಟು ಹೋಯಿತು. ಆದರೆ ಅದೇ ಮಣ್ಣಿನ ಮೇಲೆ ಮುಂದೆ ಗಿಲ್ಗಮೆಶ್ ಅನ್ನುವ ರಾಜನ ಕಥೆ ಬಂತು. ಅವನ ಜೀವದ ಗೆಳೆಯ ಎಂಕಿಡು ಸಾಯುತ್ತಾನೆ. ಗಿಲ್ಗಮೆಶ್ ಹೆಣವನ್ನು ಹೂಳಲು ಬಿಡುವುದಿಲ್ಲ. ನಾನು ಅತ್ತರೆ ಎದ್ದು ಬಂದಾನು ಅಂತ ಕಾಯುತ್ತಾನೆ. ಆರು ಹಗಲು, ಏಳು ರಾತ್ರಿ. ಕೊನೆಗೆ ಗೆಳೆಯನ ಮೂಗಿನಿಂದ ಒಂದು ಹುಳ ಬೀಳುತ್ತದೆ. ಆಗ ಬಿಟ್ಟುಕೊಡುತ್ತಾನೆ.

ಆ ಹುಳ ನೋಡಿ. ಮೂರು ಸಾವಿರ ವರ್ಷಕ್ಕೂ ಹಳೆಯದು. ಆ ರಾಜ್ಯ ಇಲ್ಲ, ಆ ದೇವರುಗಳಿಗೆ ಪೂಜೆ ಇಲ್ಲ, ಆ ಭಾಷೆ ಆಡುವವರು ಒಬ್ಬರೂ ಇಲ್ಲ. ಎಷ್ಟೋ ಶತಮಾನ ಆ ಲಿಪಿಯನ್ನು ಓದುವವರೇ ಇರಲಿಲ್ಲ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ಸ್ಮಿತ್ ಅನ್ನುವವರು ಈ ಕಥೆಯಲ್ಲಿ ಬರುವ ಪ್ರಳಯದ ಭಾಗವನ್ನು ಓದಿ, ಖುಷಿ ತಡೆಯಲಾರದೆ ಕೋಣೆಯಲ್ಲಿ ಓಡಾಡಿ ಬಟ್ಟೆ ಬಿಚ್ಚಲು ಶುರುಮಾಡಿದರಂತೆ. ಆದರೂ ಆ ಹುಳ ಬಿದ್ದಾಗ ನಮಗೆ ಕರುಳು ಚುರ್ ಅನ್ನುತ್ತದೆ. ‘ಗಿಲ್ಗಮೆಶ್ ತುಂಬಾ ದುಃಖಪಟ್ಟನು’ ಅಂತ ಬರೆದಿದ್ದರೆ ಅದು ಬಾರ್ಲಿ ಲೆಕ್ಕದ ಪಕ್ಕದಲ್ಲೇ ಮಲಗಿರುತ್ತಿತ್ತು.

ಕಥೆ ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನಾ? ಈ ಪ್ರಶ್ನೆ ಪದೇ ಪದೇ ಬರುತ್ತದೆ. 2013ರಲ್ಲಿ ಒಂದು ಅಧ್ಯಯನ ಭಾರೀ ಸುದ್ದಿ ಮಾಡಿತು. ಗಂಭೀರ ಸಾಹಿತ್ಯದ ಒಂದು ತುಣುಕು ಓದಿದ ಕೂಡಲೇ ಬೇರೆಯವರ ಭಾವನೆ ಗುರುತಿಸುವ ಶಕ್ತಿ ಹೆಚ್ಚುತ್ತದೆ ಅಂತ. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ. ಓದು ಮಾತ್ರೆಯ ಥರ ಅಲ್ಲ, ನುಂಗಿದ ಅರ್ಧ ಗಂಟೆಗೆ ಜ್ವರ ಇಳಿಯಲು. ತುಂಬಾ ಓದಿಕೊಂಡ ಕ್ರೂರಿಗಳು ಚರಿತ್ರೆಯಲ್ಲಿ ಬೇಕಾದಷ್ಟು ಸಿಗುತ್ತಾರೆ.

ಬರೆಯುವವರಿಗೆ ಏನಾಗುತ್ತದೆ ಅನ್ನುವುದರಲ್ಲಿ ಸ್ವಲ್ಪ ಗಟ್ಟಿ ನೆಲ ಇದೆ. 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಅತ್ಯಂತ ನೋವಿನ ಸಂಗತಿ ಬಗ್ಗೆ ಬರೆಯಲು ಹೇಳಿದರು. ಬರೆದ ದಿನ ಮನಸ್ಸು ಭಾರ. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರಿಂದ ಆದ ಭಾವನೆಯನ್ನೂ ಸೇರಿಸಿ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ. ಬಿಸಿ ಪಾತ್ರೆಗೆ ಹಿಡಿಕೆ ಸಿಕ್ಕಿತ್ತು.

ಒಮ್ಮೊಮ್ಮೆ ಲೇಖಕ ಕೂರಿಸಿದ ಹಿಡಿಕೆ ಒಂದು, ಓದುಗರು ಹಿಡಿಯುವುದು ಇನ್ನೊಂದು. ಅಪ್ಟನ್ ಸಿಂಕ್ಲೇರ್ ಅವರ ‘ದಿ ಜಂಗಲ್’ 1906ರಲ್ಲಿ ಪುಸ್ತಕವಾಗಿ ಬಂತು. ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ವಲಸೆ ಕಾರ್ಮಿಕರು ಪಡುವ ಪಾಡು ಅದರ ವಸ್ತು. ಓದಿದ ಜನ ಹೌಹಾರಿದರು. ಆದರೆ ಕಾರ್ಮಿಕರಿಗಾಗಿ ಅಲ್ಲ, ತಾವು ತಿನ್ನುವ ಮಾಂಸದಲ್ಲಿ ಏನೇನು ಸೇರಿದೆ ಅಂತ! ಅದೇ ವರ್ಷ ಜೂನ್ 30ರಂದು ಮಾಂಸ ತಪಾಸಣೆ ಮತ್ತು ಶುದ್ಧ ಆಹಾರದ ಕಾನೂನುಗಳು ಬಂದವು. ಜನರ ಹೃದಯಕ್ಕೆ ಗುರಿ ಇಟ್ಟೆ, ಹೊಟ್ಟೆಗೆ ಬಿತ್ತು ಅಂತ ಸಿಂಕ್ಲೇರ್ ಆಮೇಲೆ ಬೇಸರದಿಂದ ಹೇಳಿಕೊಂಡರು.

ಹಿಡಿಕೆ ಯಾರ ಕೈಗೆ ಬೇಕಾದರೂ ಸಿಗುತ್ತದೆ. ರುವಾಂಡಾದಲ್ಲಿ 1993ರಲ್ಲಿ ಒಂದು ರೇಡಿಯೋ ಶುರುವಾಯಿತು. ಹಾಡು, ಹರಟೆ, ಜೋಕು, ಕೇಳಲು ಮಜಾ. ಅದರ ನಡುವೆ, ಅಲ್ಲಿನ ಅಲ್ಪಸಂಖ್ಯಾತರಾದ ಟುಟ್ಸಿ ಜನರನ್ನು ಕರೆಯಲು ಒಂದು ಪದ: ‘ಇನ್ಯೆಂಜಿ’. ಜಿರಳೆ ಅಂತ ಅರ್ಥ. ದಿನಾ ಅದೇ ಪದ. ಜಿರಳೆ ಕಂಡರೆ ಏನು ಮಾಡಬೇಕು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಲಕ್ಷಗಟ್ಟಲೆ ಜನರ ಕೊಲೆಯಾಯಿತು. ಕೊಂದವರಲ್ಲಿ ಎಷ್ಟೋ ಮಂದಿ ಅಕ್ಕಪಕ್ಕದ ಮನೆಯವರೇ. ಒಂದು ಪದದಿಂದಲೇ ಇದೆಲ್ಲ ಆಯಿತು ಅಂದರೆ ತಪ್ಪಾಗುತ್ತದೆ. ದ್ವೇಷ, ರಾಜಕೀಯ, ಯುದ್ಧ ಎಲ್ಲ ಮೊದಲೇ ಇತ್ತು. ಆದರೆ ಪಕ್ಕದ ಮನೆಯವನ ಮುಖ ನೋಡುತ್ತಾ ಕತ್ತಿ ಎತ್ತುವುದು ಕಷ್ಟ. ಆ ಮುಖವನ್ನು ಪದ ಮುಚ್ಚಿಹಾಕಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೋ ಹಿಂದೆ ಇದ್ದವರನ್ನು ತಪ್ಪಿತಸ್ಥರು ಅಂದಿತು.

ಅಧಿಕಾರದಲ್ಲಿ ಇರುವವರು ಮಾತ್ರ ‘ಬರೀ ಮಾತು’ ಅಂತ ಯಾವತ್ತೂ ಅಂದುಕೊಂಡಿಲ್ಲ. ಸ್ಟಾಲಿನ್ ಕಾಲದಲ್ಲಿ, ರಷ್ಯಾದ ಲೆನಿನ್‌ಗ್ರಾದ್ ನಗರದಲ್ಲಿ ಕವಿ ಅನ್ನಾ ಅಖ್ಮತೋವಾ ಅವರ ಮಗನನ್ನು ಜೈಲಿಗೆ ಹಾಕಿದ್ದರು. ಜೈಲಿನ ಹೊರಗೆ ಸಾಲಿನಲ್ಲಿ ನಿಲ್ಲುವ ನೂರಾರು ಹೆಂಗಸರಲ್ಲಿ ಅವರೂ ಒಬ್ಬರು. ಆ ಸಾಲಿನ ಬಗ್ಗೆ ಒಂದು ದೀರ್ಘ ಕವಿತೆ ಬರೆಯುತ್ತಿದ್ದರು. ಕಾಗದದ ಮೇಲೆ ಇಟ್ಟರೆ ಪ್ರಾಣಕ್ಕೇ ಸಂಚಕಾರ. ಗೋಡೆಗೂ ಕಿವಿ ಇರುವ ಕಾಲ.

ಗೆಳತಿ ಲಿಡಿಯಾ ಚುಕೋವ್‌ಸ್ಕಾಯಾ ಮನೆಗೆ ಬಂದಾಗ ಅಖ್ಮತೋವಾ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿದ್ದರು. ಚಹಾ ಬೇಕಾ ಅಂತ ಗಟ್ಟಿಯಾಗಿ ಕೇಳುತ್ತಾ ಒಂದು ಚೂರು ಕಾಗದದ ಮೇಲೆ ಬೇಗ ಬೇಗ ಬರೆದು ಕೊಡುತ್ತಿದ್ದರು. ಲಿಡಿಯಾ ಓದಿ, ಬಾಯಿಪಾಠ ಮಾಡಿಕೊಂಡು, ಸುಮ್ಮನೆ ವಾಪಸ್ ಕೊಡುತ್ತಿದ್ದರು. ಈ ಸಲ ಶರತ್ಕಾಲ ಎಷ್ಟು ಬೇಗ ಬಂತಲ್ಲ ಅಂತ ಜೋರಾಗಿ ಹೇಳುತ್ತಾ ಅಖ್ಮತೋವಾ ಕಡ್ಡಿ ಗೀರಿ, ಆಷ್ ಟ್ರೇ ಮೇಲೆ ಆ ಕಾಗದ ಸುಡುತ್ತಿದ್ದರು.

ಹೀಗೆ ಆ ಕವಿತೆ ಎಷ್ಟೋ ವರ್ಷ ಕೆಲವೇ ಜನರ ನೆನಪಿನಲ್ಲಿ ಮಾತ್ರ ಇತ್ತು. ಅದು ಪುಸ್ತಕವಾಗಿದ್ದು 1963ರಲ್ಲಿ, ಅದೂ ಜರ್ಮನಿಯ ಮ್ಯೂನಿಕ್‌ನಲ್ಲಿ. ಅಖ್ಮತೋವಾ 1966ರಲ್ಲಿ ತೀರಿಕೊಂಡರು. ಅವರ ಸ್ವಂತ ದೇಶದಲ್ಲಿ ಅದು ಪೂರ್ತಿಯಾಗಿ ಅಚ್ಚಾದಾಗ 1987.